ಗಾಜಿನ ಪೆಟ್ಟಿಗೆ ಬೇಡ, ಕಿಟಕಿ ತೆಗೆಯಿರಿ

ನಮಸ್ಕಾರ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ನಿಮಗೂ ಕೇಳಿಸುತ್ತಿರಬಹುದು. ಮಡಿಕೇರಿಯಲ್ಲಿ ಈಗ ಜುಲೈ. ಈ ಸದ್ದಿನ ಜೊತೆಗೇ ಮಾತಾಡುತ್ತೇನೆ, ಯಾಕೆಂದರೆ ಇವತ್ತಿನ ಮಾತಿಗೂ ಈ ಮಳೆಗೂ ಸಂಬಂಧ ಇದೆ.

ನನ್ನ ಮುಂದೆ ಅಗಲ ಬಾಯಿಯ ಒಂದು ಮಣ್ಣಿನ ಕುಂಡ ಇದೆ. ಅದರಲ್ಲಿರುವುದು ಲುಡಿಸಿಯಾ. ಎಲೆ ಹೆಚ್ಚುಕಮ್ಮಿ ಕಪ್ಪು, ಚೆನ್ನಾಗಿ ಹಣ್ಣಾದ ನೇರಳೆಯ ಬಣ್ಣ. ಅದರ ಮೇಲೆ ಉದ್ದಕ್ಕೂ ತಾಮ್ರದ ಸಣ್ಣ ತಂತಿ ಎಳೆದ ಹಾಗೆ ನರಗಳು. ಮುಟ್ಟಿದರೆ ಮಖಮಲ್. ಎಲೆ ತಿರುವಿದರೆ ಅಡಿಭಾಗ ಬೀಟ್‌ರೂಟ್ ಬಣ್ಣ. ಇದೂ ಆರ್ಕಿಡ್ಡೇ ಅಂದರೆ ಮನೆಗೆ ಬಂದವರು ನಂಬುವುದಿಲ್ಲ. "ಅಕ್ಕ, ಹೂ ಎಲ್ಲಿ?" ಅಂತ ಕೇಳುತ್ತಾರೆ. ಅವರ ತಪ್ಪಲ್ಲ. ನಮಗೆ ಆರ್ಕಿಡ್ ಅಂದರೆ ಮರದ ಮೇಲೆ ಜೋತುಬೀಳುವ ಸೀತಾಳೆ ದಂಡೆ. ಇಲ್ಲವಾದರೆ ಅಂಗಡಿಯಿಂದ ತಂದು, ಹೂ ಉದುರಿದ ಮೇಲೆ ಹಿತ್ತಲಿಗೆ ಎಸೆಯುವ ಆ ಬಿಳಿ, ಗುಲಾಬಿ ಹೂವಿನ ಗಿಡ.

ಇವು ಹಾಗಲ್ಲ. ಇವನ್ನು ಬೆಳೆಸುವುದೇ ಎಲೆಗಾಗಿ. ಜ್ಯುವೆಲ್ ಆರ್ಕಿಡ್ ಅಂತಾರೆ. ಲುಡಿಸಿಯಾ, ಮ್ಯಾಕೋಡಿಸ್, ಅನೆಕ್ಟೋಕೈಲಸ್, ಗುಡ್‌ಯೇರಾ, ಎಲ್ಲ ಒಂದೇ ಬಳಗ. ಹೆಚ್ಚಿನವು ಮರ ಹತ್ತುವುದಿಲ್ಲ. ಕಾಡಿನ ನೆಲದಲ್ಲಿ, ಕೊಳೆತ ತರಗೆಲೆಯ ಮೇಲೆ ತೆವಳಿಕೊಂಡು ಬೆಳೆಯುತ್ತವೆ. ದೊಡ್ಡ ಮರಗಳ ಕೆಳಗೆ ಎಷ್ಟು ಬೆಳಕು ಇಳಿಯುತ್ತದೋ ಅಷ್ಟೇ ಸಾಕು. ಅಂದರೆ ನಮ್ಮ ಹಳೆಯ ಮನೆಗಳ ಒಳಗಿರುವ ಆ ಮಬ್ಬು ಬೆಳಕು. ಬೇರೆ ಗಿಡಗಳೆಲ್ಲ ಸೊರಗುವ ಮೂಲೆಯಲ್ಲಿ ಇದು ಹೊಸ ಎಲೆ ಬಿಚ್ಚುತ್ತದೆ. ಕೊಡಗಿನ ಮನೆಗೆ ಇದಕ್ಕಿಂತ ಹೊಂದುವ ಗಿಡ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಆದರೆ ಇದನ್ನು ಬೆಳೆಸುವ ಪಾಠ ಮಾತ್ರ ನಮಗೆ ಬೇರೆ ಕಡೆಯಿಂದ ಬಂದಿದೆ. ಯಾವ ವಿಡಿಯೋ ನೋಡಿದರೂ ಒಂದೇ ಮಾತು: ಗಾಜಿನ ಪೆಟ್ಟಿಗೆಯಲ್ಲಿಡಿ, ಮುಚ್ಚಳ ಹಾಕಿ, ತೇವ ಹಿಡಿದಿಡಿ. ಹೇಳುವವರು ಚಳಿ ದೇಶದವರು. ಅವರ ಮನೆಯಲ್ಲಿ ಹೀಟರ್ ಉರಿಯುತ್ತದೆ, ಗಾಳಿ ಒಣಗಿ ಗರಿಗರಿ ಆಗಿರುತ್ತದೆ. ಅಲ್ಲಿಗೆ ಅದು ಸರಿ. ನಮ್ಮಲ್ಲಿ? ಜೂನ್ ಬಂತು ಅಂದರೆ ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು. ಬಟ್ಟೆ ಒಣಗಬೇಕಾದರೆ ಒಲೆಯ ಮೇಲೆ ನೇತುಹಾಕಬೇಕು. ಇಂಥ ಮನೆಯಲ್ಲಿ ಗಿಡಕ್ಕೆ ಇನ್ನೂ ತೇವ ಕೂಡಿಡುವುದು ಯಾಕೆ?

ನಾನೂ ಆ ಮಾತು ಕೇಳಿಯೇ ಕೆಟ್ಟೆ. ಮೊದಲು ತಂದದ್ದು ಮ್ಯಾಕೋಡಿಸ್ ಪೆಟೋಲಾ. ಹಸಿರು ಎಲೆಯ ಮೇಲೆ ಚಿನ್ನದ ಜಾಲ. ಇದನ್ನು ಹಗಲಿನಲ್ಲಿ ನೋಡುವುದಕ್ಕಿಂತ ಕರೆಂಟ್ ಹೋದ ರಾತ್ರಿ ಟಾರ್ಚ್ ಓರೆಯಾಗಿ ಬಿಟ್ಟು ನೋಡಬೇಕು. ಎಲೆಯ ಮೇಲ್ಪದರದ ಜೀವಕೋಶಗಳು ಸಣ್ಣ ಗುಬ್ಬಿಗಳ ಹಾಗೆ ಉಬ್ಬಿರುವುದರಿಂದ ಬೆಳಕು ಬಿದ್ದ ಕಡೆ ಮಿನುಗುತ್ತದೆ. ಟಾರ್ಚ್ ಸ್ವಲ್ಪ ಸರಿಸಿದರೆ ಮಿಂಚು ಈ ನರದಿಂದ ಆ ನರಕ್ಕೆ ಹರಿಯುತ್ತದೆ. ಅಷ್ಟು ಚೆಂದದ ಗಿಡವನ್ನು ಜೂನ್ ಮೊದಲ ವಾರ ಗಾಜಿನ ಭರಣಿಯಲ್ಲಿಟ್ಟು ಮುಚ್ಚಿದೆ. ಒಳಗೆ ನೀರಹನಿ ಕಟ್ಟಿತು, ಆರಲೇ ಇಲ್ಲ. ಮೂರನೇ ವಾರ ಕಾಂಡದ ಬುಡ ಕಂದು ಆಯಿತು. ಬೆರಳಲ್ಲಿ ಮುಟ್ಟಿದೆ, ಬೇಯಿಸಿದ ಬಾಳೆಹಣ್ಣಿನ ಹಾಗೆ ಮೆತ್ತಗೆ. ಮೇಲಿನ ಎಲೆಗಳು ಇನ್ನೂ ಹೊಳೆಯುತ್ತಿದ್ದವು. ತಿಂಗಳ ಕೊನೆಗೆ ಏನೂ ಉಳಿಯಲಿಲ್ಲ. ಅವತ್ತು ತುಂಬಾ ಸಂಕಟ ಆಯಿತು.

ಆಮೇಲೆ ಹೊಳೆದದ್ದು ಏನು ಗೊತ್ತಾ? ಇದರ ಉತ್ತರ ನಮ್ಮ ಕಾಫಿ ತೋಟದಲ್ಲೇ ಇತ್ತು. ಕಾಫಿಗೆ ಬರುವ ಕೊಳೆರೋಗ ಎಲ್ಲರಿಗೂ ಗೊತ್ತು. ಆ ರೋಗ ತರುವ ಶಿಲೀಂಧ್ರಕ್ಕೆ ವಿಜ್ಞಾನಿಗಳು ಪೆಲಿಕ್ಯುಲೇರಿಯಾ ಕೊಳೆರೋಗ ಅಂತ ಹೆಸರಿಟ್ಟರು. ನಮ್ಮ ಕನ್ನಡದ ಮಾತೇ ಅವರ ಪುಸ್ತಕಕ್ಕೆ ಹೋಯಿತು. ಅದು ಬರದ ಹಾಗೆ ಬೆಳೆಗಾರರು ಏನು ಮಾಡುತ್ತಾರೆ? ಮಳೆಗೆ ಮೊದಲೇ ಮರಕಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಸವರಿ, ನೆರಳು ತೆಳುಮಾಡುತ್ತಾರೆ. ಗಿಡದ ನಡು ಬಿಡಿಸುತ್ತಾರೆ. ಗಾಳಿ ಆಡಬೇಕು, ಎಲೆ ಆರಬೇಕು, ಅಷ್ಟೇ. ತೋಟದಲ್ಲಿ ಇಷ್ಟೆಲ್ಲ ಗೊತ್ತಿರುವ ನಾವು ಮನೆಯೊಳಗೆ ಗಿಡಕ್ಕೆ ಮುಚ್ಚಳ ಹಾಕಿ ಕೂರಿಸುವುದು ಸರಿಯಾ?

ಹಾಗಾಗಿ ಈಗ ನನ್ನ ಗಿಡಗಳಿಗೆ ಗಾಜೂ ಇಲ್ಲ, ಮುಚ್ಚಳವೂ ಇಲ್ಲ. ಕಿಟಕಿಯಿಂದ ನಾಲ್ಕು ಅಡಿ ಒಳಗೆ, ಬಿಸಿಲು ನೇರ ಬೀಳದ ಕಡೆ ಇಟ್ಟಿದ್ದೇನೆ. ಮಳೆ ಎಷ್ಟೇ ಇರಲಿ, ಹಗಲು ಆ ಕಿಟಕಿ ಒಂದು ಗೇಣು ತೆರೆದಿರುತ್ತದೆ. ಕುಂಡ ಆಳ ಬೇಡ, ಅಗಲ ಬೇಕು, ಯಾಕೆಂದರೆ ಕಾಂಡ ಅಡ್ಡಡ್ಡ ಹರಿಯುತ್ತದೆ. ಒಳಗೆ ಬರೀ ಮಣ್ಣು ತುಂಬಬಾರದು. ಜರಡಿ ಹಿಡಿದ ತರಗೆಲೆ ಗೊಬ್ಬರ, ತೆಂಗಿನ ನಾರು, ಕೈತುಂಬ ಇದ್ದಿಲು ಚೂರು. ಮಳೆಗಾಲದಲ್ಲಿ ನೀರು ಹಾಕುವ ಮೊದಲು ಬೆರಳು ಇಳಿಸಿ ನೋಡುತ್ತೇನೆ. ಹತ್ತು ದಿನ ನೀರೇ ಹಾಕದೆ ಇದ್ದದ್ದೂ ಇದೆ. ಕಾಂಡದಲ್ಲೇ ನೀರು ತುಂಬಿರುತ್ತದೆ, ಸುಮ್ನೆ ಗಾಬರಿ ಬೇಡ. ಬಸವನಹುಳು ಮಾತ್ರ ದಿನಾ ರಾತ್ರಿ ನೋಡಬೇಕು. ಮೆತ್ತನೆಯ ಎಲೆ ಅಂದರೆ ಅದಕ್ಕೆ ಪ್ರಾಣ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಲೆಕ್ಕ ತಿರುಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರುವವರೆಗೆ ಇಲ್ಲೂ ಗಾಳಿ ಒಣ ಒಣ. ಆಗ ಎಲೆಯ ಅಂಚು ಒಣಗುತ್ತದೆ. ಒಂದು ತಟ್ಟೆಯಲ್ಲಿ ಜಲ್ಲಿ ಹಾಕಿ, ನೀರು ನಿಲ್ಲಿಸಿ, ಜಲ್ಲಿಯ ಮೇಲೆ ಕುಂಡ ಇಡಿ, ನೀರು ಕುಂಡದ ಬುಡ ಮುಟ್ಟಬಾರದು. ಚಳಿಗಾಲದ ರಾತ್ರಿ ಲುಡಿಸಿಯಾ ತಡೆದುಕೊಳ್ಳುತ್ತದೆ, ಮ್ಯಾಕೋಡಿಸ್‌ಗೆ ಅಷ್ಟು ಚಳಿ ಆಗದು. ಆಮೇಲೆ ತಂದ ಇನ್ನೊಂದು ಮ್ಯಾಕೋಡಿಸನ್ನು ನಾನು ಡಿಸೆಂಬರ್‌ನಲ್ಲಿ ಅಡುಗೆಮನೆಗೆ ತರುತ್ತೇನೆ. ಅಂದಹಾಗೆ, ಲುಡಿಸಿಯಾ ಹೂ ಬಿಡುವುದೂ ಹೆಚ್ಚಾಗಿ ಆ ಚಳಿಯಲ್ಲೇ. ಬಿಳಿಯ ಪುಟ್ಟ ಹೂಗಳ ಒಂದು ಕಡ್ಡಿ. ಎಲೆ ಚೆಂದ ಇರಲಿ ಅಂತ ಆ ಕಡ್ಡಿ ಚಿವುಟಿ ಹಾಕುವವರಿದ್ದಾರೆ. ನನಗೆ ಮನಸ್ಸು ಬರುವುದಿಲ್ಲ. ಹೂ ಬಿಟ್ಟ ಕಾಂಡ ಅಲ್ಲಿಗೆ ನಿಂತರೂ ಪಕ್ಕದಿಂದ ಚಿಗುರು ಬರುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಈ ಬಳಗದ ಗಿಡಗಳಿವೆ, ಅನೆಕ್ಟೋಕೈಲಸ್ ಎಲೇಟಸ್ ಅಂತ ಒಂದು. ಹೋದ ವರ್ಷ ಒಬ್ಬರು ಬಂದು, "ಕಾಡಿನಿಂದ ತಂದುಕೊಡ್ತೀನಿ, ಎಷ್ಟು ಬೇಕು?" ಅಂತ ಕೇಳಿದರು. ಒಂದೂ ಬೇಡ ಅಂದೆ. ದಯವಿಟ್ಟು ನೀವೂ ಬೇಡ ಅನ್ನಿ. ಆರ್ಕಿಡ್ ಬೀಜ ಅಂದರೆ ಧೂಳು. ಅದರೊಳಗೆ ಮೊಳಕೆಗೆ ಬೇಕಾದ ಆಹಾರ ಇಲ್ಲ. ಸರಿಯಾದ ಶಿಲೀಂಧ್ರ ಸಿಕ್ಕರೆ ಮಾತ್ರ ಕಾಡಿನಲ್ಲಿ ಮೊಳಕೆ ಬರುತ್ತದೆ. ಹಾಗಾಗಿ ಕಿತ್ತ ಜಾಗದಲ್ಲಿ ಮತ್ತೊಂದು ಗಿಡ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಕೇರಳದ ಕಡೆ ಅಗಸ್ತ್ಯಮಲೆಯಲ್ಲಿ ಮಾತ್ರ ಇರುವ ಪಾಫಿಯೋಪೆಡಿಲಮ್ ಡ್ರೂರಿ ಅನ್ನುವ ಆರ್ಕಿಡ್ಡನ್ನು ಸಂಗ್ರಹ ಮಾಡುವವರು ಕಿತ್ತು ಕಿತ್ತು ಅಳಿವಿನ ಅಂಚಿಗೆ ತಂದರು. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕಲು 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಂದ ಒಂದು ಕಡ್ಡಿಯನ್ನೂ ತರಬಾರದು ಅಂತ ಹಿರಿಯರು ಹೇಳಿಕೊಟ್ಟಿದ್ದಾರೆ. ಆ ಮಾತು ಮರಕ್ಕೆ ಮಾತ್ರ ಅಲ್ಲ, ಅಂಗೈಯಷ್ಟಿರುವ ಗಿಡಕ್ಕೂ ಸೇರಿದ್ದು. ಮರಕಸಿ ಮಾಡುವಾಗ ಕೊಂಬೆಯ ಜೊತೆ ಕೆಳಗೆ ಬಿದ್ದ ಸೀತಾಳೆಯನ್ನು ಎತ್ತಿ ಇನ್ನೊಂದು ಮರಕ್ಕೆ ಕಟ್ಟುವುದು ಬೇರೆ. ಅದನ್ನು ಮಾಡಿ, ಖಂಡಿತ ಮಾಡಿ. ನೆಲದಲ್ಲಿ ಬೇರು ಬಿಟ್ಟದ್ದನ್ನು ಕೀಳುವುದು ಬೇರೆ.

ಅಷ್ಟಕ್ಕೂ ಕಾಡಿಗೆ ಹೋಗುವ ಅಗತ್ಯವೇ ಇಲ್ಲ ಅಲ್ವಾ? ಲುಡಿಸಿಯಾದ ಕಾಂಡ ಮೂರು ಗಿಣ್ಣು ಇರುವ ಹಾಗೆ ಕತ್ತರಿಸಿ. ಒಂದು ದಿನ ನೆರಳಲ್ಲಿ ಗಾಯ ಆರಲಿ. ಆಮೇಲೆ ಒದ್ದೆ ನಾರಿನ ಮೇಲೆ ಮಲಗಿಸಿ. ಕೆಲವು ವಾರದಲ್ಲಿ ಗಿಣ್ಣಿನಿಂದ ಬಿಳಿ ರೋಮದ ದಪ್ಪ ಬೇರು ಇಳಿಯುತ್ತದೆ. ನನ್ನ ಈ ಗಿಡವೂ ಹೀಗೆ ಸೋಮವಾರಪೇಟೆಯ ಗೆಳತಿ ಕಾಗದದಲ್ಲಿ ಸುತ್ತಿ ಕೊಟ್ಟ ಒಂದು ತುಂಡಿನಿಂದ ಆದದ್ದು. ಈಗ ಕುಂಡದ ಅಂಚು ದಾಟಿ ಹೊರಗೆ ಇಳಿದಿದೆ. ಏಳು ತುಂಡು ಆಗಬಹುದು. ಮಳೆ ಕಡಿಮೆಯಾಗಲಿ ಅಂತ ಕಾಯುತ್ತಿದ್ದೇನೆ, ಸೆಪ್ಟೆಂಬರ್‌ನಲ್ಲಿ ಕತ್ತರಿಸುತ್ತೇನೆ. ನಾಲ್ಕಕ್ಕೆ ಆಗಲೇ ಹೇಳಿಟ್ಟವರಿದ್ದಾರೆ. ಇನ್ನು ಮೂರು ಇದೆ. ಈ ಕಡೆ ಬರುವವರು ಒಂದು ಖಾಲಿ ಕುಂಡ ಹಿಡಿದು ಬನ್ನಿ, ಆಳ ಇಲ್ಲದ್ದು.