ಅಗೇಟ್ ಬಿಲ್ಲೆಯಿಂದ ಎಣ್ಣೆ ಕಮಟು ಬಿಡಿಸೋದು

ನಮಸ್ಕಾರ. ಮೇಜಿನ ಮೇಲಿರೋದು ಗರಗಸದಿಂದ ಈಗಷ್ಟೇ ಇಳಿಸಿದ ಅಗೇಟ್ ಕಲ್ಲಿನ ಬಿಲ್ಲೆ. ಹಕೀಕ್ ಅಂತಲೂ ಕರೀತಾರೆ. ದಪ್ಪ ಸುಮಾರು 6 ಮಿಲಿಮೀಟರ್. ಈ ಹೊಳಪು ನೋಡಿ ಮೋಸ ಹೋಗ್ಬೇಡಿ, ಅದು ಎಣ್ಣೆಯದು. ನಾಳೆಗೆ ಒಣಗಿದ ಹಾಗೆ ಕಾಣುತ್ತೆ. ಡಬ್ಬಿಗೆ ಹಾಕಿ ವಾರ ಬಿಟ್ಟು ಮುಚ್ಚಳ ತೆಗೆದ್ರೆ ಕಮಟು ವಾಸನೆ ಗಪ್ಪಂತ ಮೂಗಿಗೆ ಹೊಡೆಯುತ್ತೆ.

ದೊಡ್ಡ ಗರಗಸಗಳಲ್ಲಿ ವಜ್ರದ ಬ್ಲೇಡಿನ ಕೆಳ ಅಂಚು ಎಣ್ಣೆಯಲ್ಲಿ ಮುಳುಗಿ ತಿರುಗುತ್ತೆ. ಬ್ಲೇಡು ಬಿಸಿಯಾಗಲ್ಲ, ತುಕ್ಕು ಹಿಡಿಯಲ್ಲ, ಕೊಯ್ತ ನುಣುಪಾಗಿ ಬರುತ್ತೆ. ತೊಂದರೆ ಇರೋದು ಕಲ್ಲಿನಲ್ಲಿ. ಅಗೇಟ್ ಗಾಜಿನ ಹಾಗೆ ಕಂಡರೂ ಅದು ಅತಿ ಸಣ್ಣ ಕ್ವಾರ್ಟ್ಜ್ ಎಳೆಗಳ ಕಂತೆ, ಎಳೆಗಳ ನಡುವೆ ಸಂದು ಇದ್ದೇ ಇರುತ್ತೆ. ಜರ್ಮನಿಯ ಈಡರ್-ಓಬರ್‌ಸ್ಟೈನ್ ಊರಲ್ಲಿ ಅಗೇಟ್‌ಗೆ ಬಣ್ಣ ಕೂರಿಸ್ತಾ ಬಂದಿರೋದು ಈ ಸಂದುಗಳನ್ನೇ ನಂಬಿಕೊಂಡು. ಬಣ್ಣ ಇಳಿಯೋ ದಾರಿಯಲ್ಲಿ ಎಣ್ಣೆಯೂ ಇಳಿಯುತ್ತೆ. ಹಾಗಾಗಿ ಮೇಲೆ ಎಷ್ಟು ಉಜ್ಜಿದ್ರೂ ಅರ್ಧ ಕೆಲಸವೇ. ಒಳಗಿರೋದನ್ನ ಹೊರಗೆ ಎಳೀಬೇಕು.

ಮೊದಲ ಅರ್ಧ ಗಂಟೆ ಮುಖ್ಯ. ಬಿಲ್ಲೆ ಇಳಿಸಿದ ಕೂಡ್ಲೇ ನ್ಯೂಸ್ ಪೇಪರಲ್ಲಿ ಒರೆಸಿ, ಅಂಚಿನ ಮೇಲೆ ನಿಲ್ಲಿಸಿ ಎಣ್ಣೆ ಸೋರಲು ಬಿಡಿ. ಈ ಬೂದು ರಾಡಿ ಕಾಣ್ತಿದೆಯಲ್ಲ, ಅದು ಎಣ್ಣೆ ಮತ್ತು ಕಲ್ಲಿನ ಹಿಟ್ಟು. ಒಣಗೋಕೆ ಬಿಡ್ಬೇಡಿ. ಒಣಗಿದ ಮೇಲೆ ಬ್ರಷ್ ಹಾಕಿದ್ರೆ ಸಿಲಿಕಾ ದೂಳು ಏಳುತ್ತೆ. ಗುಜರಾತಿನ ಖಂಭಾತದ ಅಗೇಟ್ ಕೆಲಸಗಾರರನ್ನ ಕಾಡೋ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಇಂಥ ದೂಳಿನಿಂದಲೇ ಬರೋದು. ಒದ್ದೆಯಲ್ಲೇ ತೆಗೀರಿ.

ಆಮೇಲೆ ಹೀರಿಸೋದು. ಒಂದು ಟ್ರೇಯಲ್ಲಿ ವಾಸನೆ ಹಾಕದ ಜೇಡಿಮಣ್ಣಿನ ಕ್ಯಾಟ್ ಲಿಟರ್ (ಸಾಕು ಬೆಕ್ಕಿನ ಮಲಮೂತ್ರಕ್ಕೆ ಇಡೋ ಮಣ್ಣಿನ ಕಾಳು) ಹರಡಿ, ಬಿಲ್ಲೆಗಳನ್ನ ಒಂದಕ್ಕೊಂದು ತಾಗದ ಹಾಗೆ ಹೂತಿಡಿ. ಒಂದೆರಡು ದಿನ ಸಾಕು. ಕ್ಯಾಟ್ ಲಿಟರ್ ಇಲ್ಲದಿದ್ರೆ ಒಣ ಮರದ ಹೊಟ್ಟೂ ಆಗುತ್ತೆ, ಆದ್ರೆ ಸಂದಿಗೊಂದಿಗೆ ಸೇರಿಕೊಂಡ್ರೆ ಕೆದಕಿ ತೆಗೆಯೋದು ಪೀಕಲಾಟ. ಟ್ರೇ ಬಿಸಿಲಲ್ಲಿಟ್ರೆ ಎಣ್ಣೆ ತೆಳುವಾಗಿ ಬೇಗ ಹೊರಗೆ ಬರುತ್ತೆ. ಅಮೆಥಿಸ್ಟ್ ಇರೋ ಬಿಲ್ಲೆಯನ್ನ ಮಾತ್ರ ಬಿಸಿಲಿಗಿಡ್ಬೇಡಿ, ನೇರಳೆ ಬಣ್ಣ ಮಾಸುತ್ತೆ.

ಈಗ ತೊಳೆಯೋದು. ಉಗುರು ಬೆಚ್ಚಗಿನ ನೀರಲ್ಲಿ ಶುರು ಮಾಡಿ, ನಿಧಾನಕ್ಕೆ ಬಿಸಿ ಏರಿಸಿ. ತಣ್ಣಗಿರೋ ಕಲ್ಲನ್ನ ಕುದಿಯೋ ನೀರಿಗೆ ಹಾಕಿದ್ರೆ ಕಣ್ಣಿಗೆ ಕಾಣದ ಸೀಳು ದೊಡ್ಡದಾಗುತ್ತೆ. 5 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯೋ ಲಿಕ್ವಿಡ್, ಹಳೇ ಟೂತ್ ಬ್ರಷ್. ಹರಳು ಬೆಳೆದಿರೋ ಈ ಗುಳಿ ನೋಡಿ, ಎಣ್ಣೆ ಅಡಗೋದು ಇಲ್ಲೇ. ಅಲ್ಟ್ರಾಸಾನಿಕ್ ಕ್ಲೀನರ್ ಇದ್ರೆ ಸೋಪಿನ ನೀರಲ್ಲೇ 50 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ. ಸೀಳು ಬಿಟ್ಟ ಬಿಲ್ಲೆಗೆ ಅದು ಬೇಡ. ಥಿನ್ನರ್, ಅಸಿಟೋನ್ ಹಾಕಿ ಯಾವತ್ತೂ ಓಡಿಸ್ಬೇಡಿ, ಬೆಂಕಿ ಹತ್ತುತ್ತೆ.

ಅಡುಗೆ ಸೋಡಾ ಮತ್ತು ವಿನೆಗರ್ ಬಗ್ಗೆ ಹೇಳ್ಬೇಕು. ಎರಡನ್ನೂ ಸೇರಿಸಿದ್ರೆ ನೊರೆ ಚೆನ್ನಾಗಿ ಬರುತ್ತೆ, ಕೆಲಸ ಏನೂ ಆಗಲ್ಲ. ವಾಷಿಂಗ್ ಸೋಡಾದಂಥ ಕ್ಷಾರ ಕಡಲೇಕಾಯಿ ಎಣ್ಣೆ, ತುಪ್ಪದಂಥ ಜಿಡ್ಡನ್ನ ಸೋಪು ಮಾಡುತ್ತೆ. ಗರಗಸದ ಮಿನರಲ್ ಎಣ್ಣೆ, ಡೀಸೆಲ್ ಸೋಪಾಗೋದೇ ಇಲ್ಲ. ವಿನೆಗರ್ ಅಂತೂ ಮ್ಯಾಲಕೈಟ್, ಕ್ಯಾಲ್ಸೈಟ್, ಮಾರ್ಬಲ್‌ಗಳ ಮೈಯನ್ನೇ ತಿಂದುಹಾಕುತ್ತೆ.

ಇಷ್ಟಾದ್ರೂ ವಾಸನೆ ಬಂದ್ರೆ, ಅದರಲ್ಲೂ ಯಾರೋ ಡೀಸೆಲ್‌ನಲ್ಲಿ ಕೊಯ್ದ ಹಳೇ ಬಿಲ್ಲೆಯಾದ್ರೆ, ದ್ರಾವಕ ಬೇಕು. ಎಲ್ಲರೂ ಅಸಿಟೋನ್ ಅಂತಾರೆ, ಆದ್ರೆ ಮಿನರಲ್ ಎಣ್ಣೆ ಅದರಲ್ಲಿ ಸರಿಯಾಗಿ ಕರಗಲ್ಲ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಮೇಲು. ಮುಚ್ಚಳವಿರೋ ಗಾಜಿನ ಇಲ್ಲ ಸ್ಟೀಲ್ ಡಬ್ಬಿಯಲ್ಲಿ, ಮನೆಯ ಹೊರಗೆ, ಒಂದು ರಾತ್ರಿ ನೆನೆಸಿ. ಬಹಳ ಜನ ಬಿಡೋ ಹಂತ ಮುಂದಿನದು: ಹೊಸ ಟರ್ಪೆಂಟೈನ್‌ನಲ್ಲಿ ಎರಡನೇ ಸಲ ಅದ್ದೋದು. ಮೊದಲನೇದ್ರಲ್ಲಿ ಎಣ್ಣೆ ಕರಗಿರುತ್ತೆ. ಅಲ್ಲೇ ನಿಲ್ಲಿಸಿದ್ರೆ ಟರ್ಪೆಂಟೈನ್ ಆರಿ ಎಣ್ಣೆ ಕಲ್ಲಲ್ಲೇ ಉಳಿಯುತ್ತೆ. ಕೊನೆಗೆ ಮತ್ತೆ ಸೋಪಿನ ಬಿಸಿನೀರು, ಯಾಕಂದ್ರೆ ಟರ್ಪೆಂಟೈನ್‌ಗೂ ತನ್ನದೇ ವಾಸನೆ ಇದೆ. ಎಪಾಕ್ಸಿ, ಸೂಪರ್ ಗ್ಲೂ ತುಂಬಿದ ಬಿಲ್ಲೆಗೆ ಅಸಿಟೋನ್ ಬೇಡವೇ ಬೇಡ. ಗ್ಲೂ ಕರಗಿ ಬರುತ್ತೆ, ಎಪಾಕ್ಸಿ ಮೆತ್ತಗಾಗುತ್ತೆ.

ಒಂದೇ ಕಡೆ ಕಪ್ಪು ಕಲೆ ಉಳಿದಿದ್ರೆ ಪಟ್ಟು ಹಾಕಿ. ಮುಲ್ತಾನಿ ಮಿಟ್ಟಿಗೆ ಟರ್ಪೆಂಟೈನ್ ಸೇರಿಸಿ ಇಡ್ಲಿ ಹಿಟ್ಟಿನಷ್ಟು ಗಟ್ಟಿ ಕಲಸಿ, ಅರ್ಧ ಸೆಂಟಿಮೀಟರ್ ದಪ್ಪ ಬಳಿದು, ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಬಿಡಿ. ಪ್ಲಾಸ್ಟಿಕ್ ತೆಗೆದ ಮೇಲೆ ತಾನಾಗೇ ಪೂರ್ತಿ ಆರಲಿ. ಮಣ್ಣು ಆರೋವಾಗಲೇ ಎಣ್ಣೆಯನ್ನ ಮೇಲಕ್ಕೆ ಎಳೆಯೋದು, ಅವಸರ ಮಾಡಿ ಒದ್ದೆಯಲ್ಲೇ ಕೆರೆದ್ರೆ ಪ್ರಯೋಜನ ಇಲ್ಲ. ಬಿಳಿ ಕಲ್ಲಾದ್ರೆ ಮುಲ್ತಾನಿ ಬಣ್ಣ ಬಿಡಬಹುದು, ಮೊದಲು ಮೂಲೆಯಲ್ಲಿ ನೋಡಿ.

ಪರೀಕ್ಷೆ ಸುಲಭ. ಬಿಲ್ಲೆಯನ್ನ ಕಂದು ಕಾಗದದ ಮೇಲಿಟ್ಟು, ಮೇಲೆ ಭಾರ ಹೇರಿ ರಾತ್ರಿ ಬಿಡಿ. ಬೆಳಗ್ಗೆ ಕಾಗದದಲ್ಲಿ ಅರೆಪಾರದರ್ಶಕ ಕಲೆ ಬಿದ್ದಿದ್ರೆ ಒಳಗೆ ಎಣ್ಣೆ ಇನ್ನೂ ಇದೆ. ಕಾಗದ ಶುಭ್ರವಾಗಿದ್ರೆ ಜಿಪ್ ಕವರಿಗೆ ಹಾಕಿ ಒಂದು ದಿನ ಬಿಸಿಲಲ್ಲಿಟ್ಟು ಮೂಸಿ ನೋಡಿ. ಜಿಡ್ಡಿರೋ ಕಲ್ಲಿಗೆ ಡಾಪ್ ಅಂಟೂ (ಉಜ್ಜೋವಾಗ ಕಲ್ಲನ್ನ ಕಡ್ಡಿಗೆ ಕೂರಿಸೋ ಅಂಟು) ಹಿಡಿಯಲ್ಲ, ಎಪಾಕ್ಸಿಯೂ ಕಿತ್ತು ಬರುತ್ತೆ.

ಬಳಸಿದ ಟರ್ಪೆಂಟೈನ್, ಎಣ್ಣೆ ರಾಡಿಯನ್ನ ಬಚ್ಚಲಿಗೆ, ಮೋರಿಗೆ ಸುರೀಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಶೇಖರಿಸಿ, ವೇಸ್ಟ್ ಆಯಿಲ್ ತಗೊಳ್ಳೋರಿಗೆ ಕೊಡಿ. ಟರ್ಕಾಯ್ಸ್, ಕ್ರಿಸೊಕೊಲಾ, ಹೌಲೈಟ್, ಓಪಲ್ ಕಲ್ಲುಗಳು ಕೈಗೆ ಬಂದ್ರೆ ಎಣ್ಣೆ ಗರಗಸದ ಹತ್ತಿರವೇ ಒಯ್ಯಬೇಡಿ. ಅವು ಎಣ್ಣೆ ಕುಡಿದು ಬಣ್ಣ ಕೆಟ್ಟರೆ ಈ ಯಾವ ಉಪಾಯವೂ ಪೂರ್ತಿ ಸರಿಮಾಡಲ್ಲ. ಅವನ್ನ ಚಿಕ್ಕ ಗರಗಸಕ್ಕೆ ನೀರು ಹಾಕಿ ಕೊಯ್ಯಿರಿ, ಕೆಲಸ ಮುಗಿದ ಮೇಲೆ ನೀರು ಬಸಿದು ಬ್ಲೇಡು ಒರೆಸಿಡಿ.