ಬಚ್ಚಲುಮನೆಗೆ ಚೆರ್ರಿ ಮರದ ಕಪಾಟು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂಡಿಗೆರೆ, ಸಕಲೇಶಪುರದ ಕಡೆ ಚೆರ್ರಿ ಎಂದರೆ ಯಾರಿಗೂ ಮೊದಲು ನೆನಪಾಗುವುದು ಕಣದಲ್ಲಿ ಹರಡಿದ ಕಾಫಿ ಹಣ್ಣು. ಇವತ್ತಿನ ಮಾತು ಆ ಚೆರ್ರಿಯದಲ್ಲ. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಬೆಳೆಯುವ, ಸಸ್ಯಶಾಸ್ತ್ರದವರು ಪ್ರೂನಸ್ ಸೆರೋಟಿನಾ ಎಂದು ಕರೆಯುವ ಮರದ್ದು. ಹೊರದೇಶದ ಮರ ಮಾರುವ ಟಿಂಬರ್ ಡಿಪೋಗಳಲ್ಲಿ ಅದರ ಹಲಗೆ ಸಿಗುತ್ತದೆ. ಹೊಸ ಮನೆ ಕಟ್ಟುವವರು ಬಚ್ಚಲುಮನೆಯ ಬೇಸಿನ್ ಕೆಳಗೆ ಅದರದ್ದೇ ಕಪಾಟು ಬೇಕು ಎನ್ನುವುದುಂಟು. ಧಾರಾಳವಾಗಿ ಮಾಡಿಸಬಹುದು. ಆದರೆ ನಮ್ಮ ಮಲೆನಾಡಿನ ಗಾಳಿಯಲ್ಲಿ ಆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಜಾಗ ಬಿಟ್ಟು ಕಟ್ಟಿದ ಕಪಾಟು ಮಾತ್ರ ನಿಲ್ಲುತ್ತದೆ. ಈಗ ಹೇಳುವುದೆಲ್ಲ ಆ ಜಾಗದ ಲೆಕ್ಕವೇ.

ಕಾಫಿ ಬೆಳೆಯುವವರಿಗೆ ತೇವದ ಲೆಕ್ಕ ಹೊಸದಲ್ಲ. ಮೀಟರು ಹಿಡಿದು ಶೇಕಡಾ 10, 11 ಬಂತೇ ಎಂದು ನೋಡಿಯೇ ಮೂಟೆ ಕಟ್ಟುತ್ತಾರೆ. ಮರಕ್ಕೂ ಅದೇ ಎಚ್ಚರ ಬೇಕು, ಆದರೆ ಕಾಫಿ ಮೀಟರು ಮರಕ್ಕೆ ಬಾರದು. ಕಾಫಿಯ ತೇವವನ್ನು ಕಾಳಿನ ಒಟ್ಟು ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಮರದ್ದನ್ನು ಪೂರಾ ಒಣಗಿದ ಮರದ ತೂಕದ ಮೇಲೆ. ಎರಡು ಮುಳ್ಳು ಚುಚ್ಚಿ ನೋಡುವ ಮರದ ಮೀಟರು ಇದ್ದರೆ ಸರಿ. ಇಲ್ಲದಿದ್ದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ ಬಂದು ಬೆರಳು ದಪ್ಪದ ತುಂಡು ಕೊಯ್ಯಿರಿ. ತೂಗಿ ಬರೆದಿಡಿ. ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 115 ಗ್ರಾಂ ಇದ್ದದ್ದು 100ಕ್ಕೆ ಇಳಿದರೆ ಆ ಹಲಗೆಯ ತೇವ ಶೇಕಡಾ 15. ತುದಿಯಲ್ಲೇ ಕೊಯ್ದು ಪರೀಕ್ಷೆ ಮಾಡಬೇಡಿ. ತುದಿ ಯಾವಾಗಲೂ ಬೇಗ ಒಣಗಿರುತ್ತದೆ, ಲೆಕ್ಕ ತಪ್ಪಿಸುತ್ತದೆ.

ಭಟ್ಟಿಯಲ್ಲಿ ಒಣಗಿಸಿ ಬರುವ ಚೆರ್ರಿಯಲ್ಲಿ ತೇವ ಸಾಮಾನ್ಯವಾಗಿ ಶೇಕಡಾ 6ರಿಂದ 8. ಇದು ನಮ್ಮೂರಿಗೆ ಅತಿ ಒಣ. ಗಾಳಿಯ ಆರ್ದ್ರತೆ ಶೇಕಡಾ 50 ಇರುವಲ್ಲಿ ಮರದ ತೇವ ಶೇಕಡಾ 9ರ ಹತ್ತಿರ ನಿಲ್ಲುತ್ತದೆ, 80 ಇರುವಲ್ಲಿ ವಾರಗಟ್ಟಲೆ ಬಿಟ್ಟರೆ 16ರ ಹತ್ತಿರಕ್ಕೆ ಹೋಗುತ್ತದೆ. ಹಾಗಾಗಿ ಹಲಗೆ ತಂದ ದಿನವೇ ಗರಗಸ ಹಾಕಬಾರದು. ಕಪಾಟು ಕೂರುವ ಮನೆಯಲ್ಲೇ, ನೆಲದಿಂದ ಮೇಲೆ, ಒಂದೂವರೆ ಅಡಿಗೊಂದು ರೀಪು ಕೊಟ್ಟು ಪೇರಿಸಿಡಿ. ರೀಪುಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿರಲಿ, ಇಲ್ಲವಾದರೆ ಹಲಗೆ ಸೊಟ್ಟಗಾಗುತ್ತದೆ. ಮೂರು ನಾಲ್ಕು ವಾರ ಹಾಗೇ ಬಿಡಿ. ಒಂದೇ ಜಿಲ್ಲೆಯಲ್ಲಿದ್ದರೂ ಕಡೂರಿನ ಗಾಳಿ ಬೇರೆ, ಮೂಡಿಗೆರೆಯ ಗಾಳಿ ಬೇರೆ. ಹಾಸನ ಜಿಲ್ಲೆಯಲ್ಲಿ ಅರಸೀಕೆರೆ, ಸಕಲೇಶಪುರದ ಕಥೆಯೂ ಇದೇ. ಅರಸೀಕೆರೆಯಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಸಕಲೇಶಪುರದ ಜುಲೈ ತಿಂಗಳಲ್ಲಿ ತೆರೆಯುವುದೇ ಇಲ್ಲ.

ಈಗ ಹಿಗ್ಗುವ ಲೆಕ್ಕಕ್ಕೆ ಬರೋಣ. ಹಲಗೆಯ ಅಡ್ಡ ಕೊಯ್ದ ತುದಿಯನ್ನು ನೋಡಿ. ಬೆಳವಣಿಗೆಯ ಗೆರೆಗಳು ಹಲಗೆಯ ಮುಖಕ್ಕೆ ಸಮನಾಗಿ ಮಲಗಿದ್ದರೆ ಅದು ಹೆಚ್ಚು ಹಿಗ್ಗುವ ಹಲಗೆ. ಗೆರೆಗಳು ನೆಟ್ಟಗೆ ನಿಂತಿದ್ದರೆ ಅದರ ಅರ್ಧದಷ್ಟೇ. ಗೆರೆ ಮಲಗಿದ ಚೆರ್ರಿ ಹಲಗೆ ಒಂದಡಿ ಅಗಲವಿದ್ದರೆ, ತೇವ ಒಂದು ಶೇಕಡಾ ಹೆಚ್ಚಾದಾಗಲೆಲ್ಲ ಮುಕ್ಕಾಲು ಮಿಲಿಮೀಟರ್ ಅಗಲವಾಗುತ್ತದೆ. ಮಾರ್ಚಿಯಿಂದ ಜುಲೈಗೆ ಆರು ಶೇಕಡಾ ಏರಿತೆಂದರೆ ನಾಲ್ಕೂವರೆ ಮಿಲಿಮೀಟರ್. ಉದ್ದದಲ್ಲಿ ಮಾತ್ರ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ. ತೇಗ ಇದಕ್ಕಿಂತ ಕಡಿಮೆ ಹಿಗ್ಗುತ್ತದೆ, ಅದರಲ್ಲಿ ಎಣ್ಣೆಯಂಶವೂ ಇದೆ. ತೇಗದಲ್ಲಿ ನಡೆದುಹೋಗುವ ಅಜಾಗರೂಕತೆ ಚೆರ್ರಿಯಲ್ಲಿ ನಡೆಯುವುದಿಲ್ಲ.

3 ಅಡಿ ಅಗಲ, 20 ಅಂಗುಲ ಆಳ, 22 ಅಂಗುಲ ಎತ್ತರದ, ಎರಡು ಬಾಗಿಲ ಕಪಾಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಾಗಿಲನ್ನು ಹಲಗೆ ಜೋಡಿಸಿ ಒಂದೇ ಚಪ್ಪಟೆ ಹಲಗೆಯಾಗಿ ಮಾಡಿದರೆ, ಒಂದೊಂದು 17 ಅಂಗುಲದ ಬಾಗಿಲೂ ಆರು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡೂ ಸೇರಿ 12 ಮಿಲಿಮೀಟರ್ ದಾಟುತ್ತದೆ. ಅಷ್ಟು ಸಂದಿ ಬಿಟ್ಟರೆ ಬೇಸಿಗೆಯಲ್ಲಿ ನೋಡಲಾಗದು, ಬಿಡದಿದ್ದರೆ ಮಳೆಗಾಲದಲ್ಲಿ ಹಿಂಜ್ ಕಿತ್ತು ಬರುತ್ತದೆ. ಅದೇ ಬಾಗಿಲನ್ನು ಎರಡೂಕಾಲು ಅಂಗುಲದ ಚೌಕಟ್ಟು, ನಡುವೆ ಸಡಿಲವಾಗಿ ಕೂರುವ ಹಲಗೆ, ಅಂದರೆ ಪ್ಯಾನಲ್, ಎಂದು ಮಾಡಿದರೆ ಹಿಗ್ಗಿ ಹೊರಗೆ ಬರುವುದು ನಾಲ್ಕು ನಿಲುವು ಪಟ್ಟಿಗಳಷ್ಟೇ. ಎರಡೂ ಬಾಗಿಲು ಸೇರಿ ಮೂರೂವರೆ ಮಿಲಿಮೀಟರ್. ಗೆರೆ ನಿಂತ ಮರವನ್ನು ಆ ಪಟ್ಟಿಗಳಿಗೆ ಆರಿಸಿಟ್ಟರೆ ಎರಡು ಮಿಲಿಮೀಟರಿಗಿಂತಲೂ ಕಡಿಮೆ. ಬಾಗಿಲು ಕಪಾಟಿನ ಮುಂಭಾಗದ ಚೌಕಟ್ಟಿನ ಒಳಗೆ ಕೂರದೆ ಅದರ ಮೇಲೆ ಕೂರುವಂತೆ ಮಾಡಿದರೆ ಈ ಚಿಂತೆ ಇನ್ನಷ್ಟು ಕಡಿಮೆಯಾಗುತ್ತದೆ. ಮಲೆನಾಡಿಗೆ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಪ್ಯಾನಲ್ ಕೂರಿಸುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೆಚ್ಚಿನ ಕಪಾಟುಗಳು ಸೀಳುವುದು ಇಲ್ಲೇ. ಚೌಕಟ್ಟಿನ ಒಳ ಅಂಚಿನಲ್ಲಿ 10 ಮಿಲಿಮೀಟರ್ ಆಳದ ಗಾಡಿ, ಅಂದರೆ ಪ್ಯಾನಲ್ಲಿನ ಅಂಚು ಕೂರುವ ಉದ್ದನೆಯ ತೋಡು, ಹೊಡೆಯಿರಿ. ಬೇಸಿಗೆಯಲ್ಲಿ ಮಾಡುತ್ತಿದ್ದರೆ ಪ್ಯಾನಲ್ಲಿನ ಎರಡೂ ಪಕ್ಕದಲ್ಲಿ ಗಾಡಿಯ ತಳಕ್ಕೂ ಹಲಗೆಗೂ ನಡುವೆ 3 ಮಿಲಿಮೀಟರ್ ಖಾಲಿ ಇರಲಿ. ಜುಲೈನಲ್ಲಿ ಮಾಡುತ್ತಿದ್ದರೆ ಹಲಗೆ ಆಗಲೇ ಹಿಗ್ಗಿದೆ, 1 ಮಿಲಿಮೀಟರ್ ಸಾಕು. ಮೇಲೆ ಕೆಳಗೆ ಒಂದು ಮಿಲಿಮೀಟರ್ ಯಾವಾಗಲೂ ಸಾಕು. ಪ್ಯಾನಲ್ಲಿಗೆ ಅಂಟು ಸೋಕಬಾರದು. ಮೂಲೆಯ ಕೀಲಿಗೆ ಹಚ್ಚಿದ ಅಂಟು ಒತ್ತಿದಾಗ ಒಂದೇ ಒಂದು ತೊಟ್ಟು ಗಾಡಿಯೊಳಗೆ ಜಾರಿದರೂ ಪ್ಯಾನಲ್ಲಿನ ಆ ಮೂಲೆ ಕಚ್ಚಿಕೊಳ್ಳುತ್ತದೆ. ಮುಂದಿನ ಮಾರ್ಚಿಯಲ್ಲಿ ಹಲಗೆ ಕುಗ್ಗುವಾಗ ಆ ಮೂಲೆ ಬಿಡುವುದಿಲ್ಲ, ನಡುವೆ ಸೀಳು ಬೀಳುತ್ತದೆ. ಅಂಟು ಹಚ್ಚುವ ಮೊದಲು ಪ್ಯಾನಲ್ಲಿನ ನಾಲ್ಕು ಮೂಲೆಗೂ ಮೇಣದ ಬತ್ತಿ ಉಜ್ಜಿದರೆ ಅಂಟು ಹಿಡಿಯುವುದಿಲ್ಲ. ಪ್ಯಾನಲ್ ಒಂದು ಕಡೆಗೆ ಸರಿಯದಂತೆ ಮೇಲೊಂದು, ಕೆಳಗೊಂದು, ಅಗಲದ ನಟ್ಟನಡುವೆ ಸಣ್ಣ ಹಿತ್ತಾಳೆ ಮೊಳೆ ಸಾಕು. ಪ್ಯಾನಲ್ಲಿಗೆ, ಅದನ್ನು ಕೂರಿಸುವ ಮೊದಲೇ, ಪಾಲಿಶ್ ಹೊಡೆದಿರಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಅಂಚಿನಲ್ಲಿ ಬಣ್ಣವಿಲ್ಲದ ಗೆರೆಯೊಂದು ಹೊರಗೆ ಇಣುಕುತ್ತದೆ.

ಚೌಕಟ್ಟಿನ ಮೂಲೆಗಳಿಗೆ ಮರ್ಟೈಸ್ ಮತ್ತು ಟೆನನ್ ಕೀಲು, ಅಂದರೆ ಒಂದು ಪಟ್ಟಿಯ ನಾಲಿಗೆ ಇನ್ನೊಂದರ ತೂತಿನೊಳಗೆ ಕೂರುವ ಕೀಲು. 20 ಮಿಲಿಮೀಟರ್ ದಪ್ಪದ ಪಟ್ಟಿಗೆ ನಾಲಿಗೆ ಅದರ ಮೂರನೇ ಒಂದು ಭಾಗ ದಪ್ಪ, ಅಂದರೆ ಆರು ಏಳು ಮಿಲಿಮೀಟರ್, ಉದ್ದ ಒಂದೂಕಾಲು ಅಂಗುಲ ಇರಲಿ. ಅಂಟು ನೀರು ತಡೆಯುವ ಮೆರೀನ್ ಜಾತಿಯದ್ದೇ ಆಗಬೇಕು.

ಒಳಪೆಟ್ಟಿಗೆಗೆ ಚೆರ್ರಿ ಬೇಡ. ಭಾರತೀಯ ಮಾನಕವಾದ ಐಎಸ್ 710ರ ಮುದ್ರೆಯ 18 ಮಿಲಿಮೀಟರ್ ಮೆರೀನ್ ಪ್ಲೈ ಹಾಕಿ. ಈ ದರ್ಜೆಯ ಪ್ಲೈಯ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆ ತಾಳಬೇಕು. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟು ಸಾಕು, ಉಳಿಯುತ್ತದೆ. ಮುಂಭಾಗ, ಬಾಗಿಲು, ಎರಡು ಪಕ್ಕದ ಚೌಕಟ್ಟಿಗೆ ಒಂದಂಗುಲ ದಪ್ಪದ ಚೆರ್ರಿ ಸುಮಾರು ಒಂದು ಘನ ಅಡಿ. ಹಲಗೆಯ ಹೊರಗಿನ ಬಿಳಿ ಭಾಗ, ಗೋಂದು ಕಟ್ಟಿದ ಕಪ್ಪು ಗೆರೆಗಳನ್ನು ಕಳೆದರೆ ಒಂದೂವರೆ ಘನ ಅಡಿ ತಂದರೇ ನೆಮ್ಮದಿ. ಅಗಲವಾದ ಚೆರ್ರಿ ಹಲಗೆಯನ್ನು ಪ್ಲೈ ಮೇಲೆ ಪೂರ್ತಿ ಅಂಟಿಸಬೇಡಿ. ಪ್ಲೈ ಅಲುಗುವುದಿಲ್ಲ, ಹಲಗೆ ಅಲುಗುತ್ತದೆ, ಎರಡರಲ್ಲೊಂದು ಬಿಡುತ್ತದೆ.

ಚೆರ್ರಿ ಗರಗಸದಲ್ಲಿ, ಅಂಚು ಕೊರೆಯುವ ರೂಟರ್ ಯಂತ್ರದಲ್ಲಿ ಬೇಗ ಸುಡುತ್ತದೆ. ಹರಿತವಾದ ಬ್ಲೇಡು ಹಾಕಿ, ಎಲ್ಲೂ ನಿಲ್ಲಿಸದೆ ಒಂದೇ ಸಮನೆ ತಳ್ಳಬೇಕು. ನಡುವೆ ಕೈ ನಿಂತರೆ ಕಪ್ಪು ಕಲೆ, ಅದನ್ನು ಕೀಸಿಯೇ ತೆಗೆಯಬೇಕು.

ಇನ್ನು ಬಣ್ಣ. ಹೊಸದಾಗಿ ಕೀಸಿದ ಚೆರ್ರಿ ತಿಳಿ ಗುಲಾಬಿ. ಬೆಳಕು ಬಿದ್ದಂತೆ ತಿಂಗಳುಗಟ್ಟಲೆ ಗಾಢವಾಗುತ್ತಾ ಕೆಂಗಂದಿಗೆ ತಿರುಗುತ್ತದೆ. ಹಲಸಿನ ಹಲಗೆ ಹಳದಿಯಿಂದ ಕಂದಿಗೆ ತಿರುಗುವುದನ್ನು ಕಂಡವರಿಗೆ ಇದು ಅಚ್ಚರಿಯಲ್ಲ. ತಡೆಯಲಾಗದೆ ಕೆಂಪು ಸ್ಟೇನ್ ಹಚ್ಚುವವರಿದ್ದಾರೆ. ಹಚ್ಚಬೇಡಿ. ಚೆರ್ರಿ ಬಣ್ಣವನ್ನು ಒಂದೇ ಸಮನೆ ಹೀರುವುದಿಲ್ಲ, ಮಚ್ಚೆಮಚ್ಚೆಯಾಗುತ್ತದೆ. ಬದಲಿಗೆ ಕೀಸಿದ ಎಲ್ಲ ತುಂಡುಗಳನ್ನೂ ಒಟ್ಟಿಗೆ ಕೆಲವು ದಿನ ಬೆಳಗಿನ ಬಿಸಿಲಿಗೆ ಹಿಡಿದು, ಎರಡೂ ಮುಖ ತಿರುಗಿಸಿ. ಒಂದರ ಮೇಲೊಂದು ಇಟ್ಟರೆ ಕೆಳಗಿನದು ಬಿಳಿಚಾಗೇ ಉಳಿಯುತ್ತದೆ. ಮೊದಲ ಕೆಲವು ತಿಂಗಳು ಬಾಗಿಲ ಮೇಲೆ ಟವೆಲ್ ನೇತುಹಾಕಿದರೂ ಅದರ ಆಕಾರವೇ ಮೂಡುತ್ತದೆ.

120, 150, 180, 220 ಹೀಗೆ ಮರಳು ಕಾಗದ ಹಿಡಿಯಿರಿ. ಅಡ್ಡ ಕೊಯ್ದ ತುದಿಗಳಿಗೆ ಮಾತ್ರ 320ರವರೆಗೆ, ಇಲ್ಲದಿದ್ದರೆ ಅವು ಪಾಲಿಶ್ ಕುಡಿದು ಕಪ್ಪಾಗುತ್ತವೆ. ಫ್ರೆಂಚ್ ಪಾಲಿಶ್ ಬಚ್ಚಲುಮನೆಗೆ ಆಗದು, ಸೋಪಿನ ನೀರಿಗೆ ಬೆಳ್ಳಗಾಗುತ್ತದೆ. ಎರಡು ಡಬ್ಬಿ ಬೆರೆಸುವ ಪಿ.ಯು., ಅಂದರೆ ಪಾಲಿಯುರೆಥೇನ್ ಪಾಲಿಶ್, ಮೂರು ಕೋಟ್ ಹೊಡೆಸಿ. ಮುಂದೆ, ಹಿಂದೆ, ಬಾಗಿಲಿನ ತಲೆ, ಬುಡ, ಎಲ್ಲ ಕಡೆಗೂ. ಬುಡದ ಅಂಚು ಯಾರಿಗೂ ಕಾಣುವುದಿಲ್ಲವೆಂದು ಬಿಡುತ್ತಾರೆ, ನೀರು ಏರುವುದು ಅಲ್ಲಿಂದಲೇ. ಜಡಿಮಳೆಯ ದಿನ ಪಿ.ಯು. ಹೊಡೆಯಬೇಡಿ. ಅದರ ಹಾರ್ಡ್‌ನರ್ ಗಾಳಿಯ ತೇವದೊಂದಿಗೆ ಸೇರಿ ಗುಳ್ಳೆ ಏಳುತ್ತದೆ. ಹಾರ್ಡ್‌ನರ್‌ನ ಆವಿ ಶ್ವಾಸಕೋಶಕ್ಕೆ ಕೇಡು. ಸ್ಪ್ರೇ ಮಾಡುವವರು ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಅದಕ್ಕೆಂದೇ ಇರುವ ಫಿಲ್ಟರ್ ಮಾಸ್ಕ್ ಹಾಕಲೇಬೇಕು.

ಸ್ಕ್ರೂ, ಹಿಂಜ್ ಎಲ್ಲವೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ. ಕಬ್ಬಿಣ, ನೀರು, ಚೆರ್ರಿಯೊಳಗಿನ ಒಗರು ಮೂರೂ ಸೇರಿದರೆ ಮರದಲ್ಲಿ ಶಾಯಿ ಚೆಲ್ಲಿದಂತೆ ಕಪ್ಪಾಗುತ್ತದೆ. ಸ್ಟೀಲ್ ವೂಲ್‌ನಲ್ಲಿ, ಅಂದರೆ ಉಕ್ಕಿನ ಸಣ್ಣ ಎಳೆಗಳ ಉಂಡೆಯಲ್ಲಿ, ಉಜ್ಜಿದರೂ ಅದೇ ಗತಿ.

ಮೇಲಿನ ಕಲ್ಲಿನ ಬಗ್ಗೆ ಒಂದು ಮಾತು. ಗ್ರಾನೈಟಿನ ಅಂಚಿನಿಂದ ಹನಿಯುವ ನೀರು ನೇರ ಕೆಳಗೆ ಬೀಳುವುದಿಲ್ಲ. ಅಂಚು ಸುತ್ತಿ, ಕಲ್ಲಿನ ಅಡಿಯನ್ನೇ ಹಿಡಿದುಕೊಂಡು ಒಳಕ್ಕೆ ತೆವಳಿ, ಬಾಗಿಲಿನ ತಲೆಯ ಮೇಲೆ ನಿಲ್ಲುತ್ತದೆ. ಬಾಗಿಲು ತಲೆಯಿಂದ ಕೆಡುವುದು ಹೀಗೆ. ಕಲ್ಲು ಬಾಗಿಲಿಗಿಂತ ಮುಕ್ಕಾಲು ಅಂಗುಲ ಮುಂದೆ ಚಾಚಲಿ. ಅದರ ಅಡಿಯಲ್ಲಿ, ಅಂಚಿನಿಂದ ಕಾಲು ಅಂಗುಲ ಒಳಗೆ, ಕಟ್ಟರಿನಲ್ಲಿ ಉದ್ದಕ್ಕೂ ಒಂದು ಗೆರೆ ಎಳೆಸಿ. ಹನಿ ಆ ಗೆರೆ ದಾಟಲಾರದೆ ಅಲ್ಲೇ ಬೀಳುತ್ತದೆ. ಕಲ್ಲಿನವರಿಗೆ ಹತ್ತು ನಿಮಿಷದ ಕೆಲಸ, ಆದರೆ ಕೂರಿಸುವ ಮೊದಲೇ ಹೇಳಬೇಕು.

ಬಕೆಟ್ಟಿನಲ್ಲಿ ಮಿಂದು ನೆಲ ತೊಳೆಯುವ ನಮ್ಮ ಬಚ್ಚಲುಮನೆಯಲ್ಲಿ ಕಪಾಟು ನೆಲ ಮುಟ್ಟಬಾರದು. 8ರಿಂದ 10 ಅಂಗುಲ ಮೇಲೆ ಗೋಡೆಗೆ ನೇತುಹಾಕಿ, ಗೋಡೆಗೂ ಕಪಾಟಿಗೂ ಅರ್ಧ ಅಂಗುಲ ಗಾಳಿ ಆಡಲಿ. ಕಲ್ಲೇ 22 ಕಿಲೋ ತೂಗುತ್ತದೆ. ಬೇಸಿನ್, ಕಪಾಟು, ಒಳಗಿನ ಸಾಮಾನು ಸೇರಿದರೆ 70 ಕಿಲೋ ದಾಟುತ್ತದೆ. ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಹಳೆಯ ಮಣ್ಣಿನ ಗೋಡೆ ಹಿಡಿಯದು. ಅಂಥ ಮನೆಯಲ್ಲಿ ಕಾಲು ಕೊಟ್ಟು, ಪ್ರತಿ ಕಾಲಿನಡಿ ಎರಡಂಗುಲದ ಕಲ್ಲಿನ ತುಂಡು ಇಡಿ. ಹಂಡೆ ಒಲೆ ಉರಿಯುವ ಬಚ್ಚಲಾದರೆ ಬೇಸಿನ್ನೂ ಕಪಾಟೂ ಹೊರಗಿನ ಜಾಗಕ್ಕೆ ಹೋಗಲಿ, ಆ ಹಬೆ, ಹೊಗೆಗೆ ಯಾವ ಪಾಲಿಶೂ ತಡೆಯದು.

ಪೈಪಿಗಾಗಿ ಪ್ಲೈಯಲ್ಲಿ ಕೊರೆದ ತೂತಿನ ಒಳ ಅಂಚಿಗೆ ಎರಡು ಕೈ ಪಿ.ಯು. ಅಥವಾ ಎಪಾಕ್ಸಿ ಬಳಿಯದೆ ಪ್ಲಂಬರನ್ನು ಕರೆಯಬೇಡಿ. ಪೈಪ್ ಕೂತ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ನೀರು ನಿಲ್ಲಿಸುವ ಆಂಗಲ್ ಕಾಕ್ ಮತ್ತು ಬೇಸಿನ್ ಕೆಳಗಿನ ಬಾಗಿದ ಪೈಪಾದ ಟ್ರ್ಯಾಪ್ ಬಿಚ್ಚಲು ಕೈ ಹೋಗುವಂತೆ ಒಳಗಿನ ಶೆಲ್ಫ್ ಕಳಚುವಂತಿರಲಿ, ಹಿಂಭಾಗ ಪೂರ್ತಿ ಮುಚ್ಚದೆ ಮೇಲೆ ಕೆಳಗೆ ನಾಲ್ಕಂಗುಲದ ಪಟ್ಟಿಯಷ್ಟೇ ಇರಲಿ.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಒಮ್ಮೆ ಎರಡು ಬಾಗಿಲ ನಡುವಿನ ಸಂದಿ ನೋಡಿ. ಉಜ್ಜುತ್ತಿದ್ದರೆ ಹಿಂಜಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಸರಿಪಡಿಸಿ, ಕೀಸುಳಿ ಹಾಕಬೇಡಿ. ಫೆಬ್ರವರಿಗೆ ಅದೇ ಬಾಗಿಲು ತಾನಾಗಿ ಕುಗ್ಗಿರುತ್ತದೆ.

ನಮಸ್ಕಾರ.