ವಿದೇಶಾಂಗ ನೀತಿ ಚರ್ಚೆ ನಮ್ಮ ಸಂಘದ ಹಾಲ್‌ಗೂ ಬರ್ಬೇಕು

(ಮುಂಬೈನ ಕಿಂಗ್ಸ್ ಸರ್ಕಲ್, ಬೆಳಿಗ್ಗೆ, ಹೋಟ್ಲಿನ ಎದುರು)

ನಮಸ್ಕಾರ ಎಲ್ರಿಗೂ. ನನ್ನ ಹಿಂದೆ ಕಾಣ್ತಿದ್ಯಲ್ಲ ನಮ್ಮೋರ ಹೋಟ್ಲು, ಇವತ್ತು ಅದರ ಅಡುಗೆಮನೆಯಿಂದ್ಲೇ ಶುರು ಮಾಡೋಣ. ವಡೆ ಕರಿಯೋ ಪಾಮ್ ಎಣ್ಣೆ ಹೆಚ್ಚಾಗಿ ಬರೋದು ಇಂಡೋನೇಷ್ಯಾ, ಮಲೇಷ್ಯಾ ಕಡೆಯಿಂದ. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ರಫ್ತು ನಿಲ್ಸಿಬಿಡ್ತು, ಮತ್ತೆ ಬಿಟ್ಟಿದ್ದು ಮೇ 23ಕ್ಕೆ, ಅದಕ್ಕೂ ಎರಡು ತಿಂಗಳ ಮುಂಚೆ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆಗೂ ಕಷ್ಟ ಆಗಿತ್ತು. ಇನ್ನು ಗ್ಯಾಸು. ದೇಶ ಬಳಸೋ ಎಲ್‌ಪಿಜಿಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರತ್ತೆ, ಅದರಲ್ಲೂ ಬಹುಪಾಲು ಗಲ್ಫ್‌ನಿಂದ, ಹೋರ್ಮುಜ್ ಜಲಸಂಧಿ ದಾಟ್ಕೊಂಡು. ಅಲ್ಲಿ ಗಲಾಟೆ ಅಂದ್ರೆ ಇಲ್ಲಿ ಗಲ್ಲಾದಲ್ಲಿ ಕೂತಿರೋ ಶೆಟ್ರಿಗೆ 19 ಕೆಜಿ ಸಿಲಿಂಡರ್ ಚಿಂತೆ.

ಆದ್ರೆ ಈ ಶೆಟ್ರನ್ನ ಯಾವತ್ತಾದ್ರೂ ಯಾರಾದ್ರೂ ವಿದೇಶಾಂಗ ನೀತಿ ಚರ್ಚೆಗೆ ಕರೆದಿದಾರಾ?

ಮುಂಬೈಯಲ್ಲಿ ಚರ್ಚೆ ಆಗಲ್ಲ ಅಂತಲ್ಲ. ಗೇಟ್‌ವೇ ಹೌಸ್ ಅನ್ನೋ ವಿದೇಶಾಂಗ ನೀತಿ ಅಧ್ಯಯನ ಸಂಸ್ಥೆ 2009ರಿಂದ ಇದೆ, ಪುಣೆಯಲ್ಲಿ ಏಷ್ಯಾ ಎಕನಾಮಿಕ್ ಡೈಲಾಗ್ ಅನ್ನೋ ಸಮ್ಮೇಳನ ನಡ್ಯತ್ತೆ, ಒಳ್ಳೇ ಕೆಲಸಾನೇ. ಆದ್ರೆ ಭಾಷೆ ಇಂಗ್ಲಿಷು, ಮಾತಾಡೋರು ರಾಯಭಾರಿಗಳು, ಪ್ರೊಫೆಸರ್‌ಗಳು, ದೊಡ್ಡ ಕಂಪನಿಯವ್ರು. ನಮ್ಮ ಊರವ್ರ ಸಂಘದ ಕಾರ್ಯದರ್ಶಿ, ವಾರ್ಡಿನ ನಗರಸೇವಕರು ಅಂದ್ರೆ ಕಾರ್ಪೊರೇಟರ್‌ಗಳು, ಅಂಧೇರಿಯ ರಫ್ತು ವಲಯ ಸೀಪ್ಜ್‌ನಲ್ಲಿ ವಜ್ರ ಕೂರಿಸೋ ಕೆಲಸದವ್ರು ಅಲ್ಲಿ ಎಲ್ಲಿದಾರೆ? 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿಗೆ 50% ಸುಂಕ ಹಾಕ್ದಾಗ ಮೊದ್ಲು ಬಿಸಿ ತಟ್ಟಿದ್ದು ಇಂಥೋರಿಗೇ.

"ವಿದೇಶಾಂಗ ಕೇಂದ್ರದ ವಿಷ್ಯ, ನಮಗ್ಯಾಕೆ" ಅಂತಾರೆ ಕೆಲವ್ರು. ಸಂವಿಧಾನದ ಪ್ರಕಾರ ಅದು ಕೇಂದ್ರ ಪಟ್ಟಿಲಿರೋದು ನಿಜ, ನಿರ್ಧಾರ ದಿಲ್ಲಿದೇ. ಆದ್ರೂ 2011ರಲ್ಲಿ ಆಗಿನ ಪಶ್ಚಿಮ ಬಂಗಾಳ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಲಿಲ್ಲ ಅಂತ ಬಾಂಗ್ಲಾದೇಶದ ಜೊತೆ ತೀಸ್ತಾ ನದಿ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಬೀಳ್ಲೇ ಇಲ್ಲ. 2014ರಲ್ಲಿ ವಿದೇಶಾಂಗ ಸಚಿವಾಲಯನೇ ರಾಜ್ಯಗಳಿಗೋಸ್ಕರ ಬೇರೆ ವಿಭಾಗ ಮಾಡ್ತು. ರಾಜ್ಯದವರೆಗೆ ಬಂದಿರೋ ಮಾತು ವಾರ್ಡಿನವರೆಗೂ ಬರ್ಲಿ ಅಂತ ನಾನು ಕೇಳ್ತಿರೋದು.

ಹೇಗೆ ಅಂತೀರಾ? 1954ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಲ್ಲಿ ಫಾರಿನ್ ಪಾಲಿಸಿ ಅಸೋಸಿಯೇಷನ್‌ನವ್ರು "ಗ್ರೇಟ್ ಡಿಸಿಷನ್ಸ್" ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ರು. ಒಂದಷ್ಟು ವಿಷ್ಯ ಆರಿಸ್ತಾರೆ, ಸರಳವಾಗಿ ಬರೆದು ಕೊಡ್ತಾರೆ, ಜನ ಅದನ್ನ ಓದ್ಕೊಂಡು ಲೈಬ್ರರಿಲೋ ಯಾರದೋ ಮನೇಲೋ ಸೇರಿ ಮಾತಾಡ್ತಾರೆ, ಕೊನೇಲಿ ತಮ್ಮ ಅಭಿಪ್ರಾಯ ಮತಪತ್ರದ ಥರ ತುಂಬಿ ಕೊಡ್ತಾರೆ, ಅದೆಲ್ಲ ಒಟ್ಟು ಮಾಡಿ ವಾಷಿಂಗ್ಟನ್‌ಗೆ ಮುಟ್ಟಿಸ್ತಾರೆ. ಇವತ್ತಿಗೂ ನಡೀತಿದೆ.

ಇದಕ್ಕೆ ಬೇಕಾದ್ದೆಲ್ಲ ನಮ್ಮ ಹತ್ರ ಇದೆ ಕಣ್ರೀ! ಮೈಸೂರು ಅಸೋಸಿಯೇಷನ್ 1926ರದ್ದು. ಮಾಹಿಮ್‌ನಲ್ಲಿ ಕರ್ನಾಟಕ ಸಂಘ, ಕುರ್ಲಾದಲ್ಲಿ ಬಂಟರ ಸಂಘ, ಸಾಂತಾಕ್ರೂಜ್‌ನಲ್ಲಿ ಬಿಲ್ಲವ ಭವನ. ಯಕ್ಷಗಾನಕ್ಕೆ, ತುಳುವರ ಆಟಿಡೊಂಜಿ ದಿನದ ಆಚರಣೆಗೆ ಜನ ತುಂಬಿರ್ತಾರೆ, ವರ್ಷಕ್ಕೆ ನಾಲ್ಕು ಭಾನುವಾರ ಇದಕ್ಕೆ ಕೊಡೋಕಾಗಲ್ವಾ?

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಿವೃತ್ತ ರಾಯಭಾರಿನ ಕರೆದು ಶಾಲು ಹೊದಿಸಿ ಒಂದೂವರೆ ಗಂಟೆ ಭಾಷಣ ಕೇಳಿ ಊಟ ಮಾಡಿ ಬಂದ್ರೆ ಅದು ಚರ್ಚೆ ಅಲ್ಲ. ಮೊದ್ಲು ನಮ್ಮೋರು ಮಾತಾಡ್ಲಿ. ಹೋಟ್ಲಿನವ್ರು, ಮಗ ದುಬೈಯಲ್ಲಿರೋ ಅಮ್ಮ, ಮಗಳನ್ನ ಮೆಡಿಕಲ್ ಓದೋಕೆ ಹೊರಗೆ ಕಳ್ಸಿರೋ ಅಪ್ಪ. 2022ರ ಫೆಬ್ರವರಿ 26ಕ್ಕೆ ಉಕ್ರೇನ್ ಯುದ್ಧದಲ್ಲಿ ಸಿಕ್ಕಿಬಿದ್ದ ನಮ್ಮೋರನ್ನ ಕರೆತರೋ ಮೊದಲ ವಿಮಾನ ರೊಮೇನಿಯಾದ ಬುಕಾರೆಸ್ಟ್‌ನಿಂದ 219 ಜನರನ್ನ ಹೊತ್ಕೊಂಡು ಇಳಿದಿದ್ದು ಇದೇ ಮುಂಬೈಗೆ. ಮೂರೇ ದಿನಕ್ಕೆ, ಮಾರ್ಚ್ 1ಕ್ಕೆ, ನಮ್ಮ ಹಾವೇರಿ ಜಿಲ್ಲೆ ಹುಡುಗ ಒಬ್ಬ ಉಕ್ರೇನಿನ ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಪ್ರಾಣ ಬಿಟ್ಟ. ಆ ವಾರ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಎಲ್ರದ್ದೂ ಒಂದೇ ಪ್ರಶ್ನೆ, ಯಾರಿಗೆ ಫೋನ್ ಮಾಡೋದು? ಉತ್ರ ಯಾರಿಗೂ ಗೊತ್ತಿರ್ಲಿಲ್ಲ, ನನಗೂ.

ನಗರಸೇವಕರು ಬರ್ಲಿ, ವೇದಿಕೆ ಮೇಲಲ್ಲ, ಜನರ ಮಧ್ಯೆ ಕೂತು ಬರ್ಕೊಳ್ಲಿ. ಪಾರ್ಟಿ ಜಗಳ ಶುರುವಾಗತ್ತೆ ಅನ್ನೋ ಭಯ ಸಂಘಗಳಿಗಿದೆ, ಆದ್ರೆ "ನಿಮ್ಮ ಅಂಗಡಿಗೆ ಏನಾಯ್ತು" ಅಂತ ಕೇಳಿ ನೋಡಿ, ಮಾತು ಬೇರೆ ದಾರಿ ಹಿಡಿಯತ್ತೆ. ಕೊನೆಗೆ ಒಂದು ಪುಟ ಬರೆದು ಸಂಸದರಿಗೆ ಕೊಡಿ. ಸಂಸತ್ತಿನಲ್ಲಿ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿ ಇದೆ, 31 ಸದಸ್ಯರು, ಸಂಸತ್ ಸಮಿತಿಗಳು ಜನರಿಂದ ಸಲಹೆ ಕರೆದಾಗ ಅಲ್ಲಿಗೂ ಕಳ್ಸಬಹುದು.

ಮೊದಲ ಭಾನುವಾರಕ್ಕೆ ಅಡುಗೆ ಗ್ಯಾಸ್ ವಿಷ್ಯಾನೇ ಇಟ್ಕೊಳ್ಳಿ. ಎರಡು ಪುಟದ ಟಿಪ್ಪಣಿ ಕನ್ನಡದಲ್ಲಿ ಬರ್ದು ಕೆಳಗೆ ಹಾಕಿದೀನಿ, ಪ್ರಿಂಟ್ ತಗೊಂಡು ನಿಮ್ಮ ಸಂಘದ ಅಧ್ಯಕ್ಷರ ಕೈಗೆ ಕೊಡಿ.